ಬಾಣಂತನ ಮುಗಿಸಿ ಕೂಸಿನ ಜೊತೆ ಹೊರಗೆ: ಹಾಲು ಕುಡಿಸುವ ತಾಯಂದಿರಿಗೆ ಹಂತ ಹಂತದ ಮಾರ್ಗದರ್ಶಿ

"ನಲವತ್ತು ದಿನ ಕಳೀತು, ಇನ್ನು ಹೊರಗೆ ಹೋಗಬಹುದಾ? ಹೋದಾಗ ಮಗು ಹಸಿದು ಅತ್ತರೆ ಎಲ್ಲಿ ಕೂತು ಹಾಲು ಕುಡಿಸಲಿ?" ಬಾಣಂತಿಯರು ಮತ್ತೆ ಮತ್ತೆ ಕೇಳುವುದು ಈ ಎರಡು ಪ್ರಶ್ನೆಗಳನ್ನೇ. ಹೆರಿಗೆಯ ಗಾಯ ಮಾಗಿದ್ದರೆ ಹೋಗಬಹುದು. ನೆಮ್ಮದಿಯಾಗಿ ಕೂರಲು ಜಾಗ ಸಿಕ್ಕ ಕಡೆಯೆಲ್ಲ ಕುಡಿಸಬಹುದು. ಆದರೆ ಇಷ್ಟು ಹೇಳಿದರೆ ಯಾರಿಗೂ ಧೈರ್ಯ ಬರುವುದಿಲ್ಲ. ಯಾವ ಹೊತ್ತಿಗೆ ಹೊರಡಬೇಕು, ಏನು ಉಡಬೇಕು, ಬಸ್ಸಿನಲ್ಲಿ ಯಾವ ಸೀಟು ಹಿಡಿಯಬೇಕು, ಯಾರಾದರೂ ಕೊಂಕು ಮಾತಾಡಿದರೆ ಏನನ್ನಬೇಕು ಎಂಬುದೆಲ್ಲ ಮೊದಲೇ ಗೊತ್ತಿದ್ದರೆ ಕಾಲು ಹೊಸ್ತಿಲು ದಾಟುತ್ತದೆ.

ಮುಜುಗರಕ್ಕೆ ಹೆದರಿ ಹಾಲು ಕುಡಿಸುವ ಹೊತ್ತನ್ನು ತಪ್ಪಿಸಬೇಡಿ. ಈ ಲೇಖನದ ಉಳಿದ ಮಾತೆಲ್ಲ ಇದರಿಂದಲೇ ಹುಟ್ಟಿದ್ದು. ಮಗು ಎಷ್ಟು ಕುಡಿದು ಖಾಲಿ ಮಾಡುತ್ತದೋ ಅಷ್ಟು ಹಾಲು ಮತ್ತೆ ಉತ್ಪತ್ತಿಯಾಗುತ್ತದೆ. ಹೊರಗಿದ್ದಾಗ ಒಂದು ಹೊತ್ತು ತಪ್ಪಿದರೆ ಎದೆ ಕಲ್ಲಿನಂತಾಗಿ ಹಾಲು ಕಟ್ಟಿಕೊಳ್ಳುತ್ತದೆ. ಪದೇ ಪದೇ ತಪ್ಪಿದರೆ ಹಾಲೇ ಕಡಿಮೆಯಾಗುತ್ತದೆ. "ಹೊರಗೆ ಹೋದಾಗ ಮಾತ್ರ ಬಾಟಲಿ" ಎಂದು ಶುರು ಮಾಡಿದ ಮನೆಗಳಲ್ಲಿ ಎರಡು ತಿಂಗಳಲ್ಲಿ ಮನೆಯೊಳಗೂ ಬಾಟಲಿಯೇ ಉಳಿಯುವುದು ಹೀಗೆ. 6 ತಿಂಗಳು ತುಂಬುವವರೆಗೆ ಮಗುವಿಗೆ ಎದೆಹಾಲೊಂದೇ ಸಾಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನೀರು, ಜೇನುತುಪ್ಪ, ಗ್ರೈಪ್ ವಾಟರ್ ಯಾವುದೂ ಬೇಡ, ಬೇಸಿಗೆಯಲ್ಲೂ ಬೇಡ.

ಹಂತ 1: ಮೊದಲು ನಿಮ್ಮ ಮೈ ನೋಡಿಕೊಳ್ಳಿ

ನಲವತ್ತು ದಿನ ಮಂಚ ಬಿಟ್ಟು ಇಳಿಯಬಾರದು ಎನ್ನುವ ಹಿರಿಯರ ಮಾತಿನಲ್ಲಿ ಕಾಳಜಿ ಇದೆ, ಬಾಣಂತಿಗೆ ವಿಶ್ರಾಂತಿ ಬೇಕೇ ಬೇಕು. ಆದರೆ ಪೂರ್ತಿ ಮಲಗಿಯೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಆದ್ದರಿಂದ ಮೊದಲ ವಾರದಿಂದಲೇ ಮನೆಯೊಳಗೆ ನಿಧಾನವಾಗಿ ಓಡಾಡಿ. ಸಹಜ ಹೆರಿಗೆಯಾದವರು ಸಾಮಾನ್ಯವಾಗಿ ಎರಡು ಮೂರು ವಾರಕ್ಕೆ ಅಂಗಳ, ಬೀದಿ ತುದಿಯವರೆಗೆ ನಡೆಯುವಷ್ಟು ಸುಧಾರಿಸಿಕೊಳ್ಳುತ್ತಾರೆ. ಸಿಸೇರಿಯನ್ ಆದವರು 6 ವಾರದವರೆಗೆ ಮಗುವಿಗಿಂತ ಭಾರವಾದ ಏನನ್ನೂ ಎತ್ತಬಾರದು. ತುಂಬಿದ ಕೊಡ, ಅಕ್ಕಿ ಚೀಲ ಮಾತ್ರವಲ್ಲ, ಎರಡು ವರ್ಷದ ದೊಡ್ಡ ಮಗುವನ್ನು ಎತ್ತಿಕೊಳ್ಳುವುದೂ ಈ ಲೆಕ್ಕಕ್ಕೇ ಬರುತ್ತದೆ. ಸ್ಕೂಟರ್ ಓಡಿಸುವುದೂ ವೈದ್ಯರು ನೋಡಿ ಸರಿ ಎಂದ ಮೇಲೆಯೇ.

ಓಡಾಟ ಹೆಚ್ಚಾಯಿತೋ ಇಲ್ಲವೋ ಎಂಬುದನ್ನು ಹೆರಿಗೆಯ ನಂತರದ ಸ್ರಾವವೇ ಹೇಳುತ್ತದೆ. ಇದು 4ರಿಂದ 6 ವಾರ ಇರುತ್ತದೆ. ದಿನ ಕಳೆದಂತೆ ಕೆಂಪು ತಿಳಿಯಾಗಿ ಕಂದು, ಆಮೇಲೆ ಹಳದಿ-ಬಿಳಿಗೆ ತಿರುಗುತ್ತದೆ. ಹೊರಗೆ ಹೋಗಿ ಬಂದ ದಿನ ಮತ್ತೆ ಕಡುಗೆಂಪಾಗಿ ಹೆಚ್ಚಾದರೆ ನಡೆದದ್ದು ಜಾಸ್ತಿಯಾಗಿದೆ ಎಂದರ್ಥ. ಎರಡು ದಿನ ಮನೆಯಲ್ಲಿರಿ.

ಕೆಳಗಿನವುಗಳಲ್ಲಿ ಒಂದು ಕಂಡರೂ ತಿರುಗಾಟ ಬಿಟ್ಟು ಅಂದೇ ಆಸ್ಪತ್ರೆಗೆ ಹೋಗಿ. ತೀವ್ರವಾಗಿದ್ದರೆ 108ಕ್ಕೆ ಕರೆ ಮಾಡಿ:

- ಒಂದು ಗಂಟೆಯೊಳಗೆ ಒಂದು ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ, ದೊಡ್ಡ ಗಡ್ಡೆಗಳು, ಕೆಟ್ಟ ವಾಸನೆ
- 100.4 ಡಿಗ್ರಿ ಫ್ಯಾರನ್‌ಹೀಟ್ ಮೀರಿದ ಜ್ವರ, ಹೊಲಿಗೆಯ ಜಾಗ ಕೆಂಪಾಗಿ ಸೋರುವುದು
- ಒಂದೇ ಕಾಲಿನ ಮೀನಖಂಡದಲ್ಲಿ ನೋವು, ಊತ, ಉಸಿರಾಟಕ್ಕೆ ಕಷ್ಟ
- ಸಹಿಸಲಾಗದ ತಲೆನೋವು, ಕಣ್ಣು ಮಂಜಾಗುವುದು

ಎರಡು ವಾರ ಕಳೆದರೂ ಕಾರಣವಿಲ್ಲದೆ ಅಳು, ಮಗುವಿನ ಮೇಲೆ ಮನಸ್ಸಿಲ್ಲದಿರುವುದು, ಅದು ಮಲಗಿದರೂ ನಿಮಗೆ ನಿದ್ದೆ ಬಾರದಿರುವುದು ಮುಂದುವರಿದರೆ ಅದಕ್ಕೂ ಚಿಕಿತ್ಸೆ ಇದೆ. "ಬಾಣಂತಿಯರಿಗೆ ಹಾಗೇ" ಎಂದು ತಳ್ಳಿಹಾಕಲು ಬಿಡಬೇಡಿ. ಮನೆಗೆ ಬರುವ ಆಶಾ ಕಾರ್ಯಕರ್ತೆಗೆ ಹೇಳಿ, ಇಲ್ಲವೇ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ 3, 7, 14, 21, 28 ಮತ್ತು 42ನೇ ದಿನ ಬರಬೇಕು. ಬರದಿದ್ದರೆ ನೀವೇ ಕರೆಸಿಕೊಳ್ಳಿ.

ಹಂತ 2: ಮನೆಯಲ್ಲಿ ಕೈ ಪಳಗಲಿ

ಹೊರಗೆ ಹಾಲು ಕುಡಿಸುವಾಗ ಆಗುವ ಫಜೀತಿಗೆ ಮುಖ್ಯ ಕಾರಣ ಜನರ ನೋಟ ಎಂದು ನಾವು ಅಂದುಕೊಳ್ಳುತ್ತೇವೆ. ನಿಜವಾದ ಕಾರಣ ಮಗು ಮೊಲೆ ಸರಿಯಾಗಿ ಹಿಡಿಯದೆ ಮೂರು ನಾಲ್ಕು ಸಲ ಬಿಡಿಸಿ ಮತ್ತೆ ಹಿಡಿಸಬೇಕಾಗಿ ಬರುವುದು. ಒಂದೇ ಸಲಕ್ಕೆ ಹಿಡಿದರೆ ಪಕ್ಕದವರಿಗೂ ಗೊತ್ತಾಗುವುದಿಲ್ಲ.

ಮಗುವಿನ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗುವಂತೆ ಇಡೀ ಮೈಯನ್ನು ನಿಮ್ಮ ಕಡೆಗೆ ತಿರುಗಿಸಿ. ತಲೆಯನ್ನಷ್ಟೇ ತಿರುಗಿಸಿದರೆ ಅದಕ್ಕೆ ನುಂಗಲಾಗುವುದಿಲ್ಲ. ನೀವೇ ಕುತ್ತಿಗೆ ಹೊರಳಿಸಿ ನೀರು ಕುಡಿದು ನೋಡಿ, ತಿಳಿಯುತ್ತದೆ. ಮೊಲೆತೊಟ್ಟು ಮಗುವಿನ ಮೂಗಿನ ಎದುರಿಗಿರಲಿ. ಮೇಲ್ತುಟಿಗೆ ತೊಟ್ಟನ್ನು ಸೋಕಿಸಿ, ಆಕಳಿಸುವಂತೆ ಬಾಯಿ ದೊಡ್ಡದಾಗಿ ತೆರೆಯುವವರೆಗೆ ಕಾಯಿರಿ. ಆಗ ಮಗುವನ್ನು ಎದೆಗೆ ತನ್ನಿ. ನೀವು ಬಗ್ಗಿ ಎದೆಯನ್ನು ಮಗುವಿನ ಬಾಯಿಗೆ ಕೊಡಬೇಡಿ. ಸರಿಯಾಗಿ ಹಿಡಿದಿದ್ದರೆ ಗದ್ದ ಎದೆಗೆ ಒತ್ತಿರುತ್ತದೆ, ಕೆಳತುಟಿ ಹೊರಕ್ಕೆ ಮಡಚಿರುತ್ತದೆ, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಕೆಳಗಿಗಿಂತ ಮೇಲೆ ಹೆಚ್ಚು ಕಾಣುತ್ತದೆ, ಗುಟುಕಿನ ಸದ್ದು ಕೇಳುತ್ತದೆ. ಮೊದಲ ಕೆಲವು ಕ್ಷಣ ಕಳೆದ ಮೇಲೂ ಚುಚ್ಚಿದಂತೆ ನೋಯುತ್ತಿದ್ದರೆ ಹಿಡಿತ ತಪ್ಪಿದೆ. ಎಳೆದು ಬಿಡಿಸಬೇಡಿ, ತೊಟ್ಟು ಸೀಳುತ್ತದೆ. ಕಿರುಬೆರಳನ್ನು ಮಗುವಿನ ಬಾಯಂಚಿನಿಂದ ಒಳಗೆ ತೂರಿಸಿ ಗಾಳಿ ಬಿಡಿಸಿ, ಆಮೇಲೆ ಮತ್ತೆ ಹಿಡಿಸಿ.

ಹೊರಗೆ ಎರಡು ಭಂಗಿ ಗೊತ್ತಿದ್ದರೆ ಸಾಕು. ಒಂದು, ಮಡಿಲಲ್ಲಿ ಅಡ್ಡಲಾಗಿ ಮಲಗಿಸಿ ತಲೆಯನ್ನು ಮೊಣಕೈ ಮಡಿಕೆಯಲ್ಲಿಡುವುದು. ಇನ್ನೊಂದು, ಮಗುವನ್ನು ಕಂಕುಳಡಿಯಲ್ಲಿ ಇರಿಸಿಕೊಂಡು ಕಾಲುಗಳು ನಿಮ್ಮ ಬೆನ್ನಿನ ಕಡೆಗೆ ಹೋಗುವಂತೆ ಹಿಡಿಯುವುದು. ಸಿಸೇರಿಯನ್ ಹೊಲಿಗೆಯ ಮೇಲೆ ಭಾರ ಬೀಳದಿರಲು ಇದೇ ಒಳ್ಳೆಯದು. ದಿಂಬುಗಳ ರಾಶಿ ಇಲ್ಲದೆ, ಗೋಡೆಗೆ ಒರಗದೆ, ಮನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎರಡನ್ನೂ ಅಭ್ಯಾಸ ಮಾಡಿ. ಕಲ್ಯಾಣ ಮಂಟಪದಲ್ಲಿ ನಿಮಗೆ ಸಿಗುವುದು ಅಂಥದೇ ಕುರ್ಚಿ. ಹೊರಗೆ ಉಡುವ ಬಟ್ಟೆಯನ್ನೇ ಉಟ್ಟು ಕನ್ನಡಿ ಮುಂದೆಯೂ ಒಮ್ಮೆ ಕುಡಿಸಿ ನೋಡಿ. ಎದುರಿನವರಿಗೆ ನೀವು ಅಂದುಕೊಂಡದ್ದಕ್ಕಿಂತ ಎಷ್ಟೋ ಕಡಿಮೆ ಕಾಣುತ್ತದೆ.

ಹೊರಡುವ ಮುನ್ನ ಖಚಿತವಾಗಿರಬೇಕಾದ ಇನ್ನೊಂದು ಸಂಗತಿ, ಮಗುವಿಗೆ ಹಾಲು ಸಾಕಾಗುತ್ತಿದೆಯೇ ಎಂಬುದು. ಐದನೇ ದಿನದ ನಂತರ 24 ಗಂಟೆಯಲ್ಲಿ 6 ಅಥವಾ ಹೆಚ್ಚು ಸಲ ಚೆನ್ನಾಗಿ ಮೂತ್ರ ಮಾಡಬೇಕು. ಹುಟ್ಟಿದಾಗಿನ ತೂಕ ಎರಡು ವಾರದೊಳಗೆ ಮರಳಬೇಕು. ಹಾಗಾಗಿಲ್ಲದಿದ್ದರೆ ಮೊದಲ ತಿರುಗಾಟ ಮಕ್ಕಳ ವೈದ್ಯರ ಹತ್ತಿರಕ್ಕೇ ಆಗಲಿ.

ಹಂತ 3: ಬಟ್ಟೆ

ಸೀರೆ ಉಡುವ ಅಭ್ಯಾಸವಿದ್ದವರಿಗೆ ಬೇರೆ ಏನೂ ಬೇಕಿಲ್ಲ. ಮುಂದೆ ಹುಕ್ಕಿರುವ ಹತ್ತಿ ರವಿಕೆ, ಪಿನ್ ಹಾಕದ ಸೆರಗು. ರವಿಕೆಯ ಹುಕ್ಕನ್ನು ಕೆಳಗಿನಿಂದ ಎರಡು ಮೂರು ಬಿಚ್ಚಿ ಮೇಲಕ್ಕೆ ಸರಿಸಿದರೆ ಸಾಕು, ಎಲ್ಲ ಬಿಚ್ಚಬೇಕಾಗಿಲ್ಲ. ಬಾಣಂತಿಗೆ ಎದೆಯ ಅಳತೆ ಹೆಚ್ಚಿರುವುದರಿಂದ ಮದುವೆಯ ಹಳೆ ರವಿಕೆ ಬಿಗಿಯಾಗುತ್ತದೆ, ಬಿಗಿ ಬಟ್ಟೆಯಿಂದ ಹಾಲು ಕಟ್ಟುತ್ತದೆ. ಪಕ್ಕದ ಹೊಲಿಗೆ ಬಿಡಿಸಿ ಸಡಿಲ ಮಾಡಿಸಿಕೊಳ್ಳಿ. ಹಿಂದೆ ಹುಕ್ಕಿರುವ ರವಿಕೆ, ಉದ್ದನೆಯ ಅನಾರ್ಕಲಿ ಉಟ್ಟು ಸಮಾರಂಭಕ್ಕೆ ಹೋದವರು ಮಗು ಅತ್ತಾಗ ಸಂಕಟಪಡುತ್ತಾರೆ.

ಚೂಡಿದಾರ್ ಹಾಕುವವರು ಪಕ್ಕದಲ್ಲಿ ಜಿಪ್ ಇರುವ ಫೀಡಿಂಗ್ ಕುರ್ತಾ ಕೊಳ್ಳಬಹುದು. ಇರುವ ಕುರ್ತಾಕ್ಕೇ ಎದೆಯ ಎರಡೂ ಬದಿ ಉದ್ದನೆಯ ಜಿಪ್ ಇಡಲು ದರ್ಜಿಗೆ ಹೇಳಿದರೂ ಆದೀತು. ಜಿಪ್ಪಿನ ಒಳಬದಿಗೆ ಬಟ್ಟೆಯ ಪಟ್ಟಿ ಇಡಿಸಿ, ಇಲ್ಲದಿದ್ದರೆ ಹಲ್ಲುಗಳು ಮಗುವಿನ ಕೆನ್ನೆಗೆ ತರಚುತ್ತವೆ. ಅದೂ ಬೇಡವೆಂದರೆ ಒಳಗೆ ಸಡಿಲ ಕತ್ತಿನ ಬನಿಯನ್, ಮೇಲೆ ಮೊಣಕಾಲಿಗಿಂತ ಗಿಡ್ಡನೆಯ ಟಾಪ್ ಹಾಕಿ. ಮೇಲಿನದನ್ನು ಮೇಲಕ್ಕೆತ್ತಿ, ಒಳಗಿನದನ್ನು ಕೆಳಕ್ಕೆಳೆದರೆ ಹೊಟ್ಟೆಯೂ ಕಾಣದು, ಎದೆಯ ಮೇಲ್ಭಾಗವೂ ಕಾಣದು. ಬುರ್ಖಾ ಹಾಕುವವರಿಗೆ ಎದೆಯವರೆಗೆ ಬಟನ್ ಅಥವಾ ಜಿಪ್ ಇರುವುದು ಅನುಕೂಲ.

ಸೆರಗು, ವೇಲು ಹೊದೆಯುವಾಗ ಒಂದು ಎಚ್ಚರಿಕೆ. ಹೊದಿಕೆ ಎದೆಯ ಮೇಲಿರಲಿ, ಮಗುವಿನ ಮುಖದ ಮೇಲೆ ಬೇಡ. ಸುತ್ತಲೂ ಮುಚ್ಚಿದರೆ ಕೂಸು ಬೆವರುತ್ತದೆ, ಉಸಿರಿಗೆ ತೊಂದರೆಯಾಗುತ್ತದೆ, ಕುಡಿಯುವುದನ್ನೇ ಬಿಡುತ್ತದೆ. ವೇಲಿನ ಒಂದು ತುದಿಯನ್ನು ಭುಜದ ಮೇಲೆ ಬ್ರಾ ಪಟ್ಟಿಗೆ ಸಿಕ್ಕಿಸಿ, ಇನ್ನೊಂದು ಕೈಯಲ್ಲಿ ಅಂಚನ್ನು ಸ್ವಲ್ಪ ಎತ್ತಿ ಹಿಡಿದು, ಮಗುವಿನ ಮೂಗು ಬಾಯಿ ನಿಮಗೆ ಕಾಣುತ್ತಿರುವಂತೆ ನೋಡಿಕೊಳ್ಳಿ. ತೆಳು ಹತ್ತಿ ಬಟ್ಟೆಯೇ ಆಗಲಿ. ನೈಲಾನ್, ಶಿಫಾನ್ ಜಾರುತ್ತದೆ.

ಹಾಲು ಸೋರಿ ಬಟ್ಟೆ ಒದ್ದೆಯಾಗುವುದು ಮೊದಲ ಎರಡು ತಿಂಗಳು ಬಹಳ ಮಂದಿಗೆ ಇದ್ದದ್ದೇ. ಬೇರೆ ಮಗು ಅತ್ತರೂ ಹಾಲು ಇಳಿಯುತ್ತದೆ. ಹಳೆ ಪಂಚೆಯ ಬಟ್ಟೆಯನ್ನು ಅಂಗೈ ಅಗಲದ ದುಂಡು ತುಂಡುಗಳಾಗಿ ಕತ್ತರಿಸಿ, ಐದಾರು ಪದರ ಸೇರಿಸಿ ಹೊಲಿದರೆ ಒಳ್ಳೆಯ ಪ್ಯಾಡ್ ಆಗುತ್ತದೆ. ಒದ್ದೆಯಾದ ಕೂಡಲೇ ಬದಲಿಸಿ. ತೇವದಲ್ಲೇ ಇದ್ದರೆ ತೊಟ್ಟಿಗೆ ಬೂಸು ಸೋಂಕು ತಗಲುತ್ತದೆ. ನಾಲ್ಕು ಜನರ ನಡುವೆ ಸೋರತೊಡಗಿದರೆ ಕೈ ಕಟ್ಟಿಕೊಂಡಂತೆ ಮಾಡಿ ಅಂಗೈಯಿಂದ ತೊಟ್ಟನ್ನು ಎದೆಗೆ ನೇರವಾಗಿ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ನಿಲ್ಲುತ್ತದೆ.

ಹಂತ 4: ಚೀಲ

ಜೋಳಿಗೆಯಂತೆ ಅಡ್ಡ ಹಾಕಿಕೊಳ್ಳುವ ಚೀಲ ಒಳ್ಳೆಯದು, ಎರಡೂ ಕೈ ಖಾಲಿ ಇರುತ್ತವೆ. ಎರಡು ಮೂರು ಗಂಟೆಯ ಹೊರಸಂಚಾರಕ್ಕೆ ಇಷ್ಟು ಸಾಕು:

- 4 ಬಟ್ಟೆ ಲಂಗೋಟಿ ಅಥವಾ 3 ಡೈಪರ್, ಕೆಳಗೆ ಹಾಸಲು ಒಂದು ರಬ್ಬರ್ ಶೀಟು
- ಮಗುವಿಗೆ 2 ಜೊತೆ ಬಟ್ಟೆ, ಒಂದು ಟೋಪಿ, ನಿಮಗೆ ಒಂದು ಬದಲಿ ಟಾಪ್ ಅಥವಾ ರವಿಕೆ
- 3 ಮೆತ್ತನೆ ಹತ್ತಿ ಬಟ್ಟೆ (ಹಾಲು ಕಕ್ಕಿದಾಗ ಒರೆಸಲು)
- ಒದ್ದೆ ಹತ್ತಿಯ ಡಬ್ಬಿ, ಕೊಳೆ ಬಟ್ಟೆಗೆ 2 ಪ್ಲಾಸ್ಟಿಕ್ ಕವರ್
- ನಿಮಗೆ ಒಂದು ಲೀಟರ್ ನೀರು, ತಿನ್ನಲು ಅಂಟಿನುಂಡೆ ಅಥವಾ ಬಾಳೆಹಣ್ಣು
- ತಾಯಿ ಕಾರ್ಡ್

ನೀರಿನ ಬಾಟಲಿ ಮರೆಯಬೇಡಿ. ಹಾಲು ಇಳಿಯುವಾಗ ಬಾಯಾರುತ್ತದೆ. "ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ" ಎಂದು ಲೋಟ ಕಸಿಯುವವರ ಮಾತಿಗೆ ಆಧಾರವಿಲ್ಲ. ದೃಷ್ಟಿಬೊಟ್ಟು ಇಡುವ ಮನೆಯವರು ಕೆನ್ನೆಗೋ ಪಾದಕ್ಕೋ ಇಡಿ, ಕಣ್ಣಿಗೆ ಕಾಡಿಗೆ ಹಚ್ಚಬೇಡಿ.

ಹಂತ 5: ಹೊತ್ತಿನ ಲೆಕ್ಕ

ಎಳೆಗೂಸು ದಿನಕ್ಕೆ 8ರಿಂದ 12 ಸಲ ಕುಡಿಯುತ್ತದೆ. "ಎರಡೂವರೆ ಗಂಟೆಗೊಮ್ಮೆ" ಎಂದರೆ ಹಿಂದಿನ ಸಲ ಕುಡಿಯಲು ಶುರು ಮಾಡಿದ ಹೊತ್ತಿನಿಂದ ಎಣಿಸಬೇಕು. ಇಲ್ಲೇ ಎಲ್ಲರೂ ಎಡವುವುದು. ಬೆಳಿಗ್ಗೆ 8ಕ್ಕೆ ಶುರು ಮಾಡಿದರೆ ಎರಡೂ ಬದಿ ಮುಗಿಸಿ, ತೇಗು ತರಿಸಿ, ಲಂಗೋಟಿ ಬದಲಿಸುವಷ್ಟರಲ್ಲಿ 8:45. ಮುಂದಿನ ಹಸಿವು 10:30ಕ್ಕೆ. ನಿಮ್ಮ ಕೈಗೆ ಸಿಗುವುದು ಒಂದು ಮುಕ್ಕಾಲು ಗಂಟೆ ಅಷ್ಟೇ. ಮೊದಲ ತಿರುಗಾಟ ಅಷ್ಟರೊಳಗೆ ಮುಗಿಯುವಂಥದ್ದಾಗಿರಲಿ: ಪಕ್ಕದ ಬೀದಿಯ ದೇವಸ್ಥಾನ, ಗೆಳತಿಯ ಮನೆ. ಎರಡನೆಯದು ಒಂದು ಸಲ ಹೊರಗೆ ಕುಡಿಸಲೇಬೇಕಾಗುವಷ್ಟು ದೂರದ್ದಾಗಲಿ, ಆದರೆ ಪರಿಚಯದವರ ಮನೆಯೇ ಆಗಲಿ. ಮೂರನೆಯದಕ್ಕೆ ಬಸ್ಸು, ಅಂಗಡಿ.

ಸಂಜೆ 5ರಿಂದ ರಾತ್ರಿಯವರೆಗೆ ಬಹಳ ಕೂಸುಗಳು ಬಿಟ್ಟೂ ಬಿಡದೆ ಮೊಲೆ ಕೇಳುತ್ತವೆ, ರಚ್ಚೆ ಹಿಡಿಯುತ್ತವೆ. ಹಾಲು ಕಡಿಮೆಯಾಯಿತೆಂದು ಗಾಬರಿಯಾಗಬೇಡಿ, ಈ ವಯಸ್ಸಿನಲ್ಲಿ ಅದು ಸಹಜ. ಆದರೆ ಮೊದಲ ಎರಡು ತಿಂಗಳು ಸಂಜೆಯ ಆರತಕ್ಷತೆಗಳಿಗಿಂತ ಬೆಳಗಿನ ಮುಹೂರ್ತಕ್ಕೆ ಹೋಗಿ ಬರುವುದು ಸುಲಭ.

ಮಗು ಅಳುವವರೆಗೆ ಕಾಯಬೇಡಿ. ಬಾಯಿ ಚಪ್ಪರಿಸುವುದು, ಮುಷ್ಟಿಯನ್ನು ಬಾಯಿಗೆ ತುರುಕುವುದು, ತಲೆಯನ್ನು ಅತ್ತಿತ್ತ ಆಡಿಸಿ ಎದೆ ಹುಡುಕುವುದು ಹಸಿವಿನ ಮೊದಲ ಗುರುತುಗಳು. ಆಗಲೇ ಜಾಗ ನೋಡಿ ಕೂತರೆ ಸದ್ದಿಲ್ಲದೆ ಮುಗಿಯುತ್ತದೆ. ಅತ್ತು ಕೆಂಪಾದ ಮಗು ನಾಲಿಗೆಯನ್ನು ಮೇಲಕ್ಕೆತ್ತಿರುತ್ತದೆ, ಮೊಲೆ ಹಿಡಿಯುವುದಿಲ್ಲ. ಅಷ್ಟು ಹೊತ್ತಿಗೆ ಎಲ್ಲರ ಕಣ್ಣೂ ನಿಮ್ಮ ಮೇಲಿರುತ್ತದೆ.

ಹೆಚ್ಚಿನವರ ಮೊದಲ ಹೊರಸಂಚಾರ 6ನೇ ವಾರದ ಲಸಿಕೆಗೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಾಲು ಇರುತ್ತದೆ, ಆದ್ದರಿಂದ ಹೊರಡುವ ಮುನ್ನ ಕುಡಿಸಿ ಹೋಗಿ. ಪೋಲಿಯೋ, ರೋಟಾ ಹನಿ ಹಾಕುವ ಮುಂಚೆ ಅಥವಾ ಆಮೇಲೆ ಅರ್ಧ ಗಂಟೆ ಎದೆಹಾಲು ಕೊಡಬಾರದೆಂಬ ಮಾತು ಇನ್ನೂ ಕೇಳಿಬರುತ್ತದೆ. ಅಂಥ ನಿರ್ಬಂಧವೇನೂ ಇಲ್ಲ. ಚುಚ್ಚುಮದ್ದು ಕೊಡುವಾಗ ಮಗು ಹಾಲು ಕುಡಿಯುತ್ತಿದ್ದರೆ ನೋವು ಕಡಿಮೆಯಾಗುತ್ತದೆ. "ಸಿಸ್ಟರ್, ಮೊಲೆ ಹಿಡಿಸಿಕೊಂಡೇ ಕೂರ್ತೀನಿ, ಆಮೇಲೆ ಚುಚ್ಚಿ" ಎಂದು ಧಾರಾಳವಾಗಿ ಕೇಳಿ. ಲಸಿಕೆಯಾದ ಮೇಲೆ ಅರ್ಧ ಗಂಟೆ ಅಲ್ಲೇ ಇರಬೇಕು. ಹತ್ತು ತಾಯಂದಿರು ಕೂತು ಕುಡಿಸುತ್ತಿರುವ ಜಾಗವದು. ಹೊರಗಿನ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಸಿಗದು.

ಹಂತ 6: ಎಲ್ಲಿ ಕೂರಬೇಕು

ಎಲ್ಲೇ ಆಗಲಿ ಬೆನ್ನಿಗೆ ಆಸರೆ, ಪಾದ ನೆಲಕ್ಕೆ ಊರುವಂತಿರಬೇಕು, ಒಂದು ಪಕ್ಕದಲ್ಲಿ ಗೋಡೆಯೋ ಕಿಟಕಿಯೋ ಇರಬೇಕು. ಪಾದ ನೆಲಕ್ಕೆ ತಾಗದಿದ್ದರೆ ಚೀಲವನ್ನು ಕಾಲಡಿ ಇಟ್ಟುಕೊಳ್ಳಿ. ಶೌಚಾಲಯದಲ್ಲಿ ಕೂತು ಕುಡಿಸಬೇಡಿ. ಅಲ್ಲಿ ಕೂತು ಊಟ ಮಾಡು ಎಂದು ನಮಗೆ ಯಾರೂ ಹೇಳುವುದಿಲ್ಲ, ಕೂಸಿಗೂ ಹೇಳಬಾರದು.

ಬಸ್ಸು: ಚಕ್ರದ ಮೇಲಿನ ಸೀಟು, ಕೊನೆಯ ಸೀಟು ಬೇಡ, ಕುಲುಕಾಟ ಹೆಚ್ಚು. ಮಹಿಳೆಯರಿಗೆ ಮೀಸಲಾದ ಸೀಟುಗಳಲ್ಲಿ ಕಿಟಕಿ ಪಕ್ಕದ್ದನ್ನು ಕೇಳಿ ಪಡೆಯಿರಿ. "ಕೂಸಿಗೆ ಹಾಲು ಕುಡಿಸ್ಬೇಕಕ್ಕ, ಸ್ವಲ್ಪ ಆ ಕಡೆ ಬರ್ತೀರಾ" ಎಂದರೆ ಇಲ್ಲ ಎನ್ನುವವರು ಅಪರೂಪ. ಕಿಟಕಿಯ ಕಡೆಯ ಎದೆಯಿಂದ ಕುಡಿಸಿ. ಆಗ ಮಗುವಿನ ತಲೆ ಕಿಟಕಿ ಕಡೆಗೂ ಕಾಲು ಪಕ್ಕದವರ ಕಡೆಗೂ ಬರುತ್ತದೆ, ಸೆರಗು ತಾನಾಗಿಯೇ ಮರೆ ಒದಗಿಸುತ್ತದೆ. ಗಾಜು ಮುಚ್ಚಿ, ಮೊಣಕೈ ಮತ್ತು ಕಿಟಕಿಯ ನಡುವೆ ಮಡಿಸಿದ ಟವೆಲ್ ಇಡಿ. ಬಸ್ಸು ಉಬ್ಬು ಹಾರಿದಾಗ ಪೆಟ್ಟಾಗುವುದು ಅಲ್ಲೇ. ದೊಡ್ಡ ಬಸ್ ನಿಲ್ದಾಣಗಳಲ್ಲಿ ಹಾಲುಣಿಸುವ ಕೊಠಡಿ ಇದ್ದರೂ ಬೀಗ ಹಾಕಿರುವುದುಂಟು. ಸಂಚಾರ ನಿಯಂತ್ರಕರ ಕೊಠಡಿಯಲ್ಲಿ ಬೀಗದ ಕೈ ಕೇಳಿ. ತವರಿನಿಂದ ಗಂಡನ ಮನೆಗೆ ರಾತ್ರಿ ಬಸ್ಸಿನಲ್ಲಿ ಹೋಗುವವರು ಸ್ಲೀಪರ್‌ನಲ್ಲಿ ಕೆಳಗಿನ ಬರ್ತನ್ನೇ ಕಾದಿರಿಸಿ. ಮಲಗಿಕೊಂಡು ಕುಡಿಸುತ್ತ ನಿದ್ದೆ ಹೋಗುವುದು ಇಕ್ಕಟ್ಟಿನ ಬರ್ತಿನಲ್ಲಿ ಅಪಾಯ, ಜೊತೆಗೊಬ್ಬರು ಎಚ್ಚರವಿರಲಿ.

ಕಾರು, ಆಟೋ: ಓಡುವ ಕಾರಿನಲ್ಲಿ ಕುಡಿಸಬೇಡಿ. ಬ್ರೇಕ್ ಹಾಕಿದರೆ ನಿಮ್ಮ ಮೈಯ ಭಾರವೆಲ್ಲ ಕೂಸಿನ ಮೇಲೆ ಬೀಳುತ್ತದೆ. ಬದಿಗೆ ನಿಲ್ಲಿಸಿ, ಕುಡಿಸಿ, ತೇಗು ತರಿಸಿ, ಮತ್ತೆ ಹೊರಡಿ. ಮೈಸೂರು-ಬೆಂಗಳೂರಿನಷ್ಟು ದೂರಕ್ಕೆ ಒಂದು ನಿಲುಗಡೆ ಎಂದು ಮೊದಲೇ ಲೆಕ್ಕ ಹಾಕಿಕೊಳ್ಳಿ. ಆಟೋದವರಿಗೆ "ಐದ್ ನಿಮಿಷ ಸೈಡಿಗ್ ಹಾಕಣ್ಣ" ಎಂದರೆ ಹಾಕುತ್ತಾರೆ. ಎಳೆಗೂಸನ್ನು ಮಡಿಲಲ್ಲಿಟ್ಟುಕೊಂಡು ಸ್ಕೂಟರಿನ ಹಿಂದೆ ಕೂರುವುದಂತೂ ಖಂಡಿತ ಬೇಡ.

ಕಲ್ಯಾಣ ಮಂಟಪ: ಹೋದ ಕೂಡಲೇ ವಧುವಿನ ಕೋಣೆ ಎಲ್ಲಿದೆ ನೋಡಿಕೊಳ್ಳಿ. ವಾಲಗ, ಧ್ವನಿವರ್ಧಕದಿಂದ ದೂರ ಕೂರಿ. ಇಲ್ಲಿ ಹಾಲು ಕುಡಿಸುವುದಕ್ಕಿಂತ ದೊಡ್ಡ ತೊಂದರೆ ಮಗು ಕೈಯಿಂದ ಕೈಗೆ ಹೋಗುವುದು, ಮುತ್ತು. ದೊಡ್ಡವರ ನೆಗಡಿ, ನಾಯಿಕೆಮ್ಮು ಕೂಸಿಗೆ ಪ್ರಾಣಾಪಾಯ ತರಬಲ್ಲವು. "ಲಸಿಕೆ ಆಗೋವರೆಗೆ ಮುತ್ತು ಕೊಡಬಾರದು ಅಂತ ಡಾಕ್ಟರ್ ಹೇಳಿದಾರೆ ದೊಡ್ಡಮ್ಮ, ಕೈ ತೊಳ್ಕೊಂಡು ಎತ್ಕೊಳ್ಳಿ" ಎಂದರೆ ಯಾರ ಮನಸ್ಸೂ ನೋಯುವುದಿಲ್ಲ.

ಹೋಟೆಲಿನಲ್ಲಿ ಫ್ಯಾಮಿಲಿ ರೂಮಿನ ಮೂಲೆ, ಬಟ್ಟೆ ಅಂಗಡಿಯಲ್ಲಿ ಟ್ರಯಲ್ ರೂಮ್, ಮೆಟ್ರೋದಲ್ಲಿ ಮಹಿಳೆಯರಿಗೆ ಮೀಸಲಾದ ಜಾಗ ಸಾಮಾನ್ಯವಾಗಿ ಸಾಕಾಗುತ್ತವೆ.

ಕೂತ ಮೇಲೆ ಒಂದೆರಡು ನಿಮಿಷ ಹಾಲು ಇಳಿಯದಿದ್ದರೆ ಹೆದರಬೇಡಿ. ಹಾಲನ್ನು ಇಳಿಸುವ ಆಕ್ಸಿಟೋಸಿನ್ ಎಂಬ ಹಾರ್ಮೋನು (ದೇಹದೊಳಗೇ ತಯಾರಾಗುವ ರಾಸಾಯನಿಕ ಸಂದೇಶ) ಗಾಬರಿಯಲ್ಲಿ ತಡವಾಗಿ ಬಿಡುಗಡೆಯಾಗುತ್ತದೆ. ಭುಜ ಸಡಿಲಿಸಿ, ನಾಲ್ಕು ಸಲ ನಿಧಾನವಾಗಿ ಉಸಿರು ಬಿಡಿ, ಜನರನ್ನು ನೋಡದೆ ಮಗುವಿನ ಮುಖ ನೋಡಿ. ಇಳಿಯುತ್ತದೆ.

ಹಂತ 7: ಯಾರಾದರೂ ಮಾತಾಡಿದರೆ

ಸಾರ್ವಜನಿಕ ಸ್ಥಳದಲ್ಲಿ ಮಗುವಿಗೆ ಹಾಲು ಕುಡಿಸುವುದನ್ನು ತಡೆಯುವ ಕಾನೂನು ನಮ್ಮಲ್ಲಿಲ್ಲ. ಹಾಲುಣಿಸುವುದು ತಾಯಿಯ ಹಕ್ಕು, ಅದು ಸಂವಿಧಾನದ 21ನೇ ವಿಧಿಯಡಿ (ಬದುಕುವ ಹಕ್ಕು) ಬರುತ್ತದೆ ಎಂದು ಕರ್ನಾಟಕ ಹೈಕೋರ್ಟ್ 2021ರಲ್ಲಿ ಹೇಳಿದೆ. ಕೂಸಿಗೂ ಹಾಲು ಪಡೆಯುವ ಹಕ್ಕಿದೆ ಎಂದೂ ಸೇರಿಸಿದೆ. 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಸಾರ್ವಜನಿಕ ಕಟ್ಟಡಗಳಲ್ಲಿ ಹಾಲುಣಿಸುವ ಕೊಠಡಿ ಇರಬೇಕೆಂಬ ಅರ್ಜಿಯ ವಿಚಾರಣೆಯಲ್ಲಿ, ಹೊರಗೆ ಹಾಲುಣಿಸುವುದನ್ನು ಕಳಂಕವಾಗಿ ಕಾಣಬಾರದೆಂದು ಹೇಳಿತು. ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಗೆ ಅಲ್ಲಿನ 2010ರ ಸಮಾನತೆ ಕಾಯ್ದೆಯ ರಕ್ಷಣೆ ಇದೆ.

ಆದರೂ ಸ್ಥಳದಲ್ಲಿ ಕಾನೂನಿಗಿಂತ ಪುಟ್ಟ ಮಾತು ಬೇಗ ಕೆಲಸ ಮಾಡುತ್ತದೆ. ಅಂಗಡಿಯ ಕಾವಲುಗಾರ ಎದ್ದು ಹೋಗಿ ಎಂದರೆ: "ಮಗು ಹಸಿದಿದೆಯಣ್ಣ, ಹತ್ತು ನಿಮಿಷದಲ್ಲಿ ಮುಗೀತದೆ." ಎದ್ದೇಳಬೇಡಿ. ಮನೆಯ ಹಿರಿಯರಿಗೆ ಸಂಕೋಚವಾದರೆ ವಾದಕ್ಕಿಳಿಯುವ ಬದಲು ಕೆಲಸ ಕೊಡಿ: "ಅತ್ತೆ, ಈ ಸೆರಗಿನ ತುದಿ ಸ್ವಲ್ಪ ಹಿಡ್ಕೋತೀರಾ?" ಕೈ ಜೋಡಿಸಿದವರು ಆಮೇಲೆ ನಿಮ್ಮ ಪರವೇ ಮಾತಾಡುತ್ತಾರೆ. ಗಂಡನಿಗೆ ಮೊದಲೇ ಹೇಳಿಡಿ: ಜೊತೆಯಲ್ಲಿದ್ದಾಗ ನಿಮಗೂ ಜನರಿಗೂ ನಡುವೆ ನಿಲ್ಲುವುದು, ಚೀಲ ತೆರೆದು ಬಟ್ಟೆ ಕೊಡುವುದು, ಪ್ರಶ್ನೆಗಳಿಗೆ ಉತ್ತರಿಸುವುದು ಅವರ ಕೆಲಸ. ಯಾರಾದರೂ ಫೋನಿನಲ್ಲಿ ಚಿತ್ರ ತೆಗೆದರೆ ಸುಮ್ಮನಿರಬೇಡಿ. ಕಂಡಕ್ಟರಿಗೆ, ಅಕ್ಕಪಕ್ಕದವರಿಗೆ ಜೋರಾಗಿ ಹೇಳಿ, 112ಕ್ಕೆ ಕರೆ ಮಾಡಿ.

ಹಂತ 8: ಮಗುವನ್ನು ಬಿಟ್ಟು ಹೋಗಬೇಕಾದಾಗ

ಬ್ಯಾಂಕು, ಪರೀಕ್ಷೆ, ಕಚೇರಿ ಕೆಲಸಕ್ಕೆ ಒಬ್ಬರೇ ಹೋಗಬೇಕಾದರೆ ಹಾಲು ಹಿಂಡಿಟ್ಟು ಹೋಗಿ. ಸಾಧ್ಯವಾದರೆ ಹಾಲು ಹದಕ್ಕೆ ಬರುವ 4-6 ವಾರ ಕಳೆದ ಮೇಲೆ ಶುರು ಮಾಡಿ. ಪಂಪ್ ಬೇಕೇ ಬೇಕೆಂದಿಲ್ಲ. ಕೈ ಸೋಪಿನಿಂದ ತೊಳೆದು, ಹೆಬ್ಬೆರಳನ್ನು ತೊಟ್ಟಿನಿಂದ ಸುಮಾರು 3-4 ಸೆಂಟಿಮೀಟರ್ ಮೇಲೆ, ತೋರುಬೆರಳನ್ನು ಅಷ್ಟೇ ಕೆಳಗೆ ಇಡಿ. ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಎರಡು ಬೆರಳನ್ನೂ ಸೇರಿಸುವಂತೆ ಹಿಚುಕಿ, ಬಿಡಿ. ತೊಟ್ಟನ್ನೇ ಹಿಂಡಿದರೆ ನೋವಾಗುತ್ತದೆ ಹೊರತು ಹಾಲು ಬರುವುದಿಲ್ಲ. ಬೆರಳನ್ನು ಸುತ್ತ ಸರಿಸುತ್ತ ಎಲ್ಲ ಕಡೆಯಿಂದ ತೆಗೆಯಿರಿ.

10 ನಿಮಿಷ ಕುದಿಸಿ ಆರಿಸಿದ ಮುಚ್ಚಳವಿರುವ ಸ್ಟೀಲ್ ಅಥವಾ ಗಾಜಿನ ಪಾತ್ರೆಯಲ್ಲಿ ಹಿಡಿಯಿರಿ. ನೀವು ಹೊರಗಿರುವ ಪ್ರತಿ ಗಂಟೆಗೆ ಸುಮಾರು 30 ಮಿಲಿ ಎಂದು ಅಂದಾಜು ಮಾಡಿ. ಮೂರು ಗಂಟೆಗೆ 90 ಮಿಲಿ, ಅದನ್ನು ಎರಡು ಪಾತ್ರೆಗಳಲ್ಲಿಟ್ಟರೆ ಒಂದು ಕುಡಿದು ಮಿಕ್ಕರೂ ಇನ್ನೊಂದು ಹಾಳಾಗದು. 25 ಡಿಗ್ರಿ ಸೆಲ್ಸಿಯಸ್‌ವರೆಗಿನ ಕೋಣೆಯಲ್ಲಿ ಹಾಲು 4 ಗಂಟೆ ಇರುತ್ತದೆ. ಬೇಸಿಗೆಯ ಕಲಬುರಗಿ, ರಾಯಚೂರಿನಲ್ಲಿ ಹೊರಗಿಡಲೇಬೇಡಿ, ತೆಗೆದ ಕೂಡಲೇ ಫ್ರಿಜ್ಜಿಗೆ. ಫ್ರಿಜ್ಜಿನಲ್ಲೂ ಬಾಗಿಲಲ್ಲಿಡದೆ ಒಳಗಿನ ಭಾಗದಲ್ಲಿಟ್ಟು 24 ಗಂಟೆಯೊಳಗೆ ಬಳಸಿ. ಕರೆಂಟು ಹೋಗುವ ಊರುಗಳಲ್ಲಿ ಇನ್ನೂ ಬೇಗ ಬಳಸಿದರೆ ಒಳ್ಳೆಯದು. ಮೇಲೆ ಕೆನೆ ಕಟ್ಟಿ ಕೆಳಗೆ ನೀರಾದಂತೆ ಕಂಡರೆ ಹಾಲು ಕೆಟ್ಟಿಲ್ಲ, ಮೆಲ್ಲಗೆ ಅಲ್ಲಾಡಿಸಿ. ಬಿಸಿ ಮಾಡಲು ಪಾತ್ರೆಯನ್ನು ಬೆಚ್ಚನೆ ನೀರಿನಲ್ಲಿ ಇಡಿ. ಒಲೆ, ಮೈಕ್ರೋವೇವ್ ಬೇಡ.

ಕುಡಿಸಲು ಬಾಟಲಿಗಿಂತ ನಮ್ಮ ಒಳಲೆಯೇ (ಮೂತಿ ಇರುವ ಪುಟ್ಟ ಹಾಲಿನ ಬಟ್ಟಲು) ಮೇಲು. ತೊಳೆಯುವುದು ಸುಲಭ, ಮಗು ನಿಪ್ಪಲ್ಲಿಗೆ ಒಗ್ಗಿ ಮೊಲೆ ಬಿಡುವ ಭಯವೂ ಇಲ್ಲ. ಆದರೆ ಅಜ್ಜಿಯಂದಿರು ಮಲಗಿಸಿಕೊಂಡು ಸುರಿಯುವುದುಂಟು, ಹಾಗೆ ಮಾಡಿದರೆ ಹಾಲು ಶ್ವಾಸನಾಳಕ್ಕೆ ಹೋಗುತ್ತದೆ. ಮಗುವನ್ನು ಕೂತ ಭಂಗಿಯಲ್ಲಿ ಹಿಡಿದು, ಒಳಲೆಯ ಮೂತಿಯನ್ನು ತುಟಿಗೆ ಸೋಕಿಸಿ, ಅದು ಹೀರಿ ನುಂಗಿದ ಮೇಲೆ ಮುಂದಿನ ಗುಟುಕು.

ಹೊರಗಿದ್ದಾಗ ನೀವೂ ಎರಡೂವರೆ-ಮೂರು ಗಂಟೆಗೊಮ್ಮೆ ಹಿಂಡಿ ತೆಗೆಯಬೇಕು. ಎದೆಯ ಒಂದು ಭಾಗ ಗಟ್ಟಿಯಾಗಿ, ಕೆಂಪಾಗಿ, ಜ್ವರ ಬಂದರೆ ಅದು ಎದೆಯ ಉರಿಯೂತ. ಮಗುವಿಗೆ ಆ ಬದಿಯಿಂದ ಕುಡಿಸುವುದನ್ನು ನಿಲ್ಲಿಸಬೇಡಿ, ತಣ್ಣೀರು ಪಟ್ಟಿ ಇಡಿ, ಜೋರಾಗಿ ತಿಕ್ಕಬೇಡಿ. 24 ಗಂಟೆಯೊಳಗೆ ಇಳಿಯದಿದ್ದರೆ ವೈದ್ಯರನ್ನು ಕಾಣಿ.

ಹಂತ 9: ಕೆಲಸಕ್ಕೆ ಮರಳುವಾಗ

ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳಸಹಿತ ರಜೆ, 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ, ದಿನಕ್ಕೆ 4 ಸಲ ಅಲ್ಲಿಗೆ ಹೋಗಿ ಮಗುವನ್ನು ನೋಡುವ ಅವಕಾಶ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಿಂದ ಬಂದ ಹಕ್ಕುಗಳು. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಹಾಲುಣಿಸುವ ಬಿಡುವು 1961ರ ಮೂಲ ಕಾಯ್ದೆಯಿಂದಲೇ ಇದೆ. ಗಾರ್ಮೆಂಟ್ಸ್‌ನಲ್ಲಿ ದುಡಿಯುವವರೂ ಇದನ್ನು ಕೇಳಬಹುದು. ಬಾಯಿಮಾತಿಗಿಂತ ಬರೆದು ಕೊಟ್ಟು ಪ್ರತಿ ಇಟ್ಟುಕೊಳ್ಳಿ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವವರು 6 ತಿಂಗಳು ದಾಟಿದ ಮಗುವನ್ನು ಪಂಚಾಯಿತಿಯ 'ಕೂಸಿನ ಮನೆ'ಯಲ್ಲಿ ಬಿಡಬಹುದು.

ಸೇರುವುದಕ್ಕೆ ಎರಡು ವಾರ ಮೊದಲೇ, ಕೆಲಸದ ದಿನ ಬಿಡುವು ಸಿಗುವ ಹೊತ್ತಿಗೇ ಮನೆಯಲ್ಲಿ ಹಾಲು ಹಿಂಡಿ ರೂಢಿ ಮಾಡಿಕೊಳ್ಳಿ. ಕಚೇರಿಯಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ, ಕೈ ತೊಳೆಯಲು ನೀರು, ಫ್ರಿಜ್ ಇದೆಯೇ ಎಂದು ಮೊದಲೇ ಹೋಗಿ ನೋಡಿ ಬನ್ನಿ. ಫ್ರಿಜ್ ಇಲ್ಲದಿದ್ದರೆ ಐಸ್ ಪ್ಯಾಕ್ ಇಟ್ಟ ಸಣ್ಣ ಥರ್ಮೋಕೋಲ್ ಡಬ್ಬಿ ಸಾಕು, ಪ್ಯಾಕ್ ಕರಗುವ ಮುನ್ನ ಮನೆ ಸೇರಿದರಾಯಿತು. ಹೊರಡುವ ಮುಂಚೆ ಒಮ್ಮೆ, ಮನೆಗೆ ಬಂದ ಕೂಡಲೇ ಒಮ್ಮೆ, ರಾತ್ರಿ ಮಗು ಕೇಳಿದಷ್ಟು ಸಲ ನೇರವಾಗಿ ಕುಡಿಸಿ. ಕೆಲಸಕ್ಕೆ ಸೋಮವಾರ ಸೇರುವ ಬದಲು ಗುರುವಾರ ಸೇರಲು ಅವಕಾಶ ಕೇಳಿ; ಎರಡು ದಿನ ಹೋಗಿ ಬಂದ ಮೇಲೆ ಎಷ್ಟು ಹಾಲು ಸಾಲದಾಯಿತು, ಯಾವ ಹೊತ್ತಿಗೆ ಎದೆ ಕಟ್ಟಿತು ಎಂಬುದು ತಿಳಿದಿರುತ್ತದೆ, ಅದನ್ನು ಸರಿಪಡಿಸಿಕೊಳ್ಳಲು ಶನಿವಾರ ಭಾನುವಾರ ಕೈಯಲ್ಲಿರುತ್ತವೆ.